ಎಡಕ್ಕೆ ವಾಲುತ್ತಿದ್ದ ಗಾಡಿ

ಬಸ್ತಿಹಳ್ಳಿ ದಾಟಿದ ಮೇಲೆ ರಸ್ತೆ ಬಲಕ್ಕೆ ತಿರುಗುತ್ತದೆ. ಗಾಡಿ ತಿರುಗಿರಲಿಲ್ಲ.

ನೆಟ್ಟಗೆ ಹೋಗಿ, ಚರಂಡಿ ಹಾರಿ, ಹುಣಿಸೆಮರಕ್ಕೆ ಗುದ್ದಿ ನಿಂತಿತ್ತು. ಎರಡು ಸಾವಿರದ ಮೂರನೇ ಇಸವಿಯ ವಿಜಯದಶಮಿ, ಬೆಳಿಗ್ಗೆ. ಡೇರಿಗೆ ಹಾಲು ಹಾಕಲು ಸೈಕಲ್ಲಿನಲ್ಲಿ ಹೊರಟಿದ್ದ ನಂಜಪ್ಪ ಮೊದಲು ಕಂಡವನು. 'ಅಯ್ಯೋ ಶಿವನೇ' ಅಂದವನೇ ಹಾಲಿನ ಕ್ಯಾನು ರಸ್ತೆ ಮೇಲೇ ಬಿಟ್ಟು ಓಡಿದ. ಸ್ಟೀರಿಂಗಿಗೆ ಎದೆ ಒತ್ತಿಕೊಂಡು ಕೂತಿದ್ದ ಹುಡುಗನಿಗೆ ಉಸಿರಿರಲಿಲ್ಲ.

ಹುಡುಗ ಗಂಡಸಿಯ ಸುನಿಲ್. ತೆಂಗಿನ ತೋಟ, ರಾಗಿ ಹೊಲ ಇರುವ ಮನೆಯ ಒಬ್ಬನೇ ಮಗ. ತಂದೆ ಇಲ್ಲ. ಗಾಡಿ ಅಂದರೆ ಹುಚ್ಚು. ಮಿಲಿಟರಿ ಹರಾಜಿನಲ್ಲಿ ಒಂದು ಮುದಿ ಟ್ರಕ್ಕು ತಂದಿದ್ದ. ಅದು ಹೊರದೇಶದ್ದು, ಸ್ಟೀರಿಂಗ್ ಎಡಕ್ಕಿತ್ತು. ಅದನ್ನು ಕಿತ್ತು ಬಲಕ್ಕೆ ಕೂರಿಸಿ, ಕೆಂಪು ಬಣ್ಣ ಬಳಿಸಿ, ಕಡೆಗೆ ಗಾಡಿ ಎತ್ತರ ಕಾಣಲಿ ಅಂತ ವಿದೇಶದಿಂದ, ಚಕ್ರದ ಮೇಲೆ ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪ್ಲೇಟುಗಳ ಕಿಟ್ಟು ತರಿಸಿದ್ದ. ಊರಿನವರು ಗಾಡಿಗೆ 'ಒಂಟೆ' ಅಂತ ಹೆಸರಿಟ್ಟಿದ್ದರು. ಸುನಿಲನಿಗೆ ಆ ಹೆಸರೂ ಇಷ್ಟವೇ ಆಗಿತ್ತು ಅನ್ನಿ.

ಕಿಟ್ಟು ಹಾಕಿದವನು ಅರಸೀಕೆರೆಯ ಮೆಕ್ಯಾನಿಕ್ ಲೋಕೇಶ್. ಸುನಿಲನ ಸ್ನೇಹಿತ. ಸಂಜೆಯೊಳಗೆ ಪೊಲೀಸರು ಅವನನ್ನು ಹಿಡಿದಾಗಿತ್ತು.

* * *

ಮಾರನೇ ದಿನ ಗಾಡಿ ನೋಡಲು ಧರ್ಮಪ್ಪ ಬಂದ. ಸರ್ಕಾರಿ ಕಾಗದದಲ್ಲಿ ಅವನು ಮೋಟಾರು ವಾಹನ ನಿರೀಕ್ಷಕ. ಜನರ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರು. ಎಲ್ಲೇ ಗಾಡಿ ಗುದ್ದಿ ಯಾರೇ ಸತ್ತರೂ, ತಪ್ಪು ಗಾಡಿಯದೋ ಮನುಷ್ಯನದೋ ಅಂತ ಹೇಳಬೇಕಾದವನು ಅವನೇ. ಅವನು ಬರೆದದ್ದನ್ನು ಕೋರ್ಟು ಕಣ್ಣಿಗೊತ್ತಿಕೊಂಡು ಒಪ್ಪುತ್ತದೆ.

ಅವತ್ತು ಧರ್ಮಪ್ಪನ ಮನಸ್ಸು ಅರಸೀಕೆರೆಯ ಮನೆಯಲ್ಲಿತ್ತು. ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು. ಹೊಸ ಬಿಳಿ ಪ್ಯಾಂಟು ಹಾಕಿಕೊಂಡೇ ಬಂದಿದ್ದ. ಹಳೇಬೀಡು ಸ್ಟೇಷನ್ನಿನ ಅಂಗಳದಲ್ಲಿ ಗಾಡಿ ನಿಂತಿತ್ತು. ಸುತ್ತ ಎಣ್ಣೆ ಬೆರೆತ ಕೆಸರು.

"ಸ್ಟೀರಿಂಗ್ ತಿರುಗಿಸಿ ನೋಡ್ರೀ," ಅಂದ.

ಸಬ್ ಇನ್‌ಸ್ಪೆಕ್ಟರ್ ಪುಟ್ಟಸ್ವಾಮಿ ತಿರುಗಿಸಿದ. ಚಕ್ರ ಅಲುಗಲಿಲ್ಲ. ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಸರಳು ಕಳಚಿ ಜೋತು ಬಿದ್ದಿತ್ತು. ಅದನ್ನು ಹಿಡಿದಿರಬೇಕಾದ ನಟ್ಟು ಇಲ್ಲ. ನಟ್ಟು ಸಡಿಲವಾಗದಂತೆ ತೂರಿಸುವ ಸ್ಪ್ಲಿಟ್ ಪಿನ್ನೂ ಇಲ್ಲ.

ಪಕ್ಕದಲ್ಲಿ ದೂರು ಕೊಟ್ಟವನು ನಿಂತಿದ್ದ. ಸುನಿಲನ ಅಕ್ಕ ಮೇಘಶ್ರೀಯ ಗಂಡ, ಶಶಿ. ಎರಡು ದಿನದಿಂದ ಅವನು ಮುಖ ತೊಳೆದ ಹಾಗಿರಲಿಲ್ಲ.

"ಕಿಟ್ಟು ಸರಿಯಾಗಿ ಕೂರಲೇ ಇಲ್ಲ ಸಾರ್," ಅಂದ ಶಶಿ. "ಹಾಕಿದಾಗಿನಿಂದ ಗಾಡಿ ಎಡಕ್ಕೆ ವಾಲ್ತಿತ್ತು. ಲೋಕೇಶ್ ಏನೇನೋ ಮಾಡ್ದ. ಆಗ್ಲಿಲ್ಲ."

ಗಾಡಿ ಎತ್ತರವಾಯಿತು, ಸರಳು ಓರೆಯಾಗಿ ಎಳೆಯಿತು, ಪಿನ್ನು ತುಂಡಾಯಿತು, ನಟ್ಟು ಬಿಚ್ಚಿಕೊಂಡಿತು. ಧರ್ಮಪ್ಪನಿಗೆ ನಿಂತಲ್ಲೇ ಲೆಕ್ಕ ಸಿಕ್ಕಿಬಿಟ್ಟಿತು. ಇಪ್ಪತ್ತೆಂಟು ವರ್ಷದ ಸರ್ವಿಸ್ಸು ಸ್ವಾಮಿ, ಸುಮ್ನೇನಾ? ಜೀಪಿನ ಬಾನೆಟ್ಟಿನ ಮೇಲೇ ರಿಪೋರ್ಟ್ ಬರೆದ. 'ಕಿಟ್ಟನ್ನು ದೋಷಪೂರಿತವಾಗಿ ಅಳವಡಿಸಿದ್ದೇ ಅಪಘಾತಕ್ಕೆ ಕಾರಣ.' ಸಹಿ ಹಾಕಿ ಬಸ್ಸು ಹಿಡಿದ. ಪ್ಯಾಂಟಿಗೆ ಒಂದು ಹನಿ ಎಣ್ಣೆ ತಾಕಿರಲಿಲ್ಲ.

* * *

ಮುಂದಿನ ವಾರ ಶನಿವಾರ ಬೆಳಿಗ್ಗೆ ಒಬ್ಬ ಹೆಂಗಸು ಧರ್ಮಪ್ಪನ ಮನೆ ಬಾಗಿಲಿಗೆ ಬಂದಳು. ಲೋಕೇಶನ ಹೆಂಡತಿ, ಭವ್ಯಾ. ಒಳಗೆ ಕರೆದರೂ ಬರಲಿಲ್ಲ.

"ಜಗಳಕ್ಕೆ ಬಂದಿಲ್ಲ ಸಾರ್. ಒಂದು ಕೇಳ್ಬೇಕಿತ್ತು."

"ಜಾಮೀನಿಗೆ ವಕೀಲರನ್ನ ನೋಡಮ್ಮ. ಇದು ಜಾಮೀನು ಸಿಗೋ ಕೇಸೇ."

"ಅವ್ರಿಗೆ ಜಾಮೀನು ಬೇಡ್ವಂತೆ. ಸೋಮವಾರ ಕೋರ್ಟಲ್ಲಿ ನಾನೇ ಕೊಂದೆ ಅಂತ ಒಪ್ಕೊಳ್ತಾರಂತೆ. ಊಟ ಮಾಡ್ತಿಲ್ಲ, ನಿದ್ದೆ ಮಾಡ್ತಿಲ್ಲ. ನೋಡೋಕ್ ಹೋದ್ರೆ ಒಂದೇ ಮಾತು, ಯಾವ ನಟ್ಟು, ಯಾವ ನಟ್ಟು ಅಂತ. ಅದೊಂದು ಹೇಳ್ಬಿಡಿ ಸಾರ್. ಅವ್ರಿಗೆ ಹೋಗಿ ತಿಳಿಸ್ತೀನಿ. ಆಮೇಲೆ ಏನಾದ್ರೂ ಆಗ್ಲಿ."

ಯಾವ ನಟ್ಟು ಅಂತ ಧರ್ಮಪ್ಪನಿಗೆ ಗೊತ್ತಿತ್ತು. ಅದು ಯಾಕೆ ಬಿಚ್ಚಿತು ಅಂತ? ಬರೆದಿದ್ದ. ಆದರೆ ನೋಡಿದ್ದನೇ? ಆ ಪಿನ್ನಿನ ತೂತು ಹೇಗಿತ್ತು? ಕಣ್ಣು ಮುಚ್ಚಿ ನೆನೆದರೆ ಅವನಿಗೆ ತನ್ನ ಬಿಳಿ ಪ್ಯಾಂಟು ಮಾತ್ರ ಕಾಣಿಸಿತು.

"ನಾನೇ ಹೋಗಿ ಹೇಳ್ತೀನಮ್ಮ," ಅಂದ.

* * *

ಹಾಸನದ ಜೈಲಿನಲ್ಲಿ ಲೋಕೇಶ್ ಅರ್ಧಕ್ಕರ್ಧ ಆಗಿಹೋಗಿದ್ದ. ಕಂಬಿಯಾಚೆ ಬಂದು ನಿಂತವನು ನಮಸ್ಕಾರ ಕೂಡ ಹೇಳಲಿಲ್ಲ.

"ಯಾವ ನಟ್ಟು ಸಾರ್?"

"ಸ್ಟೀರಿಂಗ್ ಸರಳಿಂದು. ಪಿನ್ನು ಹೋಗಿದೆ."

"ಅದಕ್ಕೆ ಹೊಸ ಪಿನ್ನೇ ಹಾಕಿದ್ದೆ. ತೂರಿಸಿ ಎರಡು ಕಾಲೂ ಮಡಿಸಿದ್ದೆ." ಲೋಕೇಶ್ ತನ್ನ ಬೆರಳುಗಳನ್ನೇ ನೋಡಿಕೊಂಡ. "ಮಡಿಸಿದ್ನಾ? ಮಡಿಸಿದ್ದೆ ಅನ್ಸುತ್ತೆ ಸಾರ್. ಹಗಲೂ ರಾತ್ರಿ ಅದನ್ನೇ ಯೋಚ್ನೆ ಮಾಡಿ ಮಾಡಿ ಈಗ ಮಡಿಸ್ದೇ ಇದ್ದಂಗೂ ನೆನಪಾಗ್ತೈತೆ."

"ಕಿಟ್ಟು ಯಾಕೆ ಕೂರ್ಲಿಲ್ಲ? ಮೊದ್ಲಿಂದ ಹೇಳು."

"ಅದೇ ಅರ್ಥ ಆಗ್ಲಿಲ್ಲ ಸಾರ್. ಎರಡು ಪ್ಲೇಟ್ ಸೆಟ್ಟು. ಒಂದ್ರ ಮೇಲೆ ಡಿ ಅಂತ ಹಳದಿ ಬಣ್ಣದಲ್ಲಿ ಬರ್ದಿತ್ತು, ಇನ್ನೊಂದ್ರ ಮೇಲೆ ಪಿ. ಡಿ ಅಂದ್ರೆ ಡ್ರೈವರ್, ಪಿ ಅಂದ್ರೆ ಪ್ಯಾಸೆಂಜರ್. ಡಿ ಸೆಟ್ಟು ಒಂದಿಷ್ಟು ಎತ್ತರ. ಡ್ರೈವರ್ ಸೈಡಿಗೇ ಹಾಕ್ದೆ, ಬಲಕ್ಕೆ. ಸರೀನೇ ಅಲ್ವಾ ಸಾರ್?"

"ಅಲ್ದೆ ಇನ್ನೇನು."

ನಮ್ಮ ಕಡೆ ಗ್ಯಾರೇಜಿನಲ್ಲಿ ಎಡ ಬಲ ಅನ್ನುವ ಮಾತೇ ಇಲ್ಲ. ಡ್ರೈವರ್ ಸೈಡು, ಕ್ಲೀನರ್ ಸೈಡು, ಅಷ್ಟೇ. ಡ್ರೈವರ್ ಸೈಡು ಅಂದರೆ ಬಲ ಅನ್ನುವುದು ಪೂರ್ವ ಅಂದರೆ ಸೂರ್ಯ ಹುಟ್ಟುವ ಕಡೆ ಅಂದಷ್ಟೇ ಖಾತ್ರಿ. ಧರ್ಮಪ್ಪನೂ ತಲೆ ಆಡಿಸಿದ.

"ಆದ್ರೂ ಎಡಕ್ಕೆ ವಾಲ್ತು," ಅಂದ ಲೋಕೇಶ್. "ಎಡಗಡೆ ರಬ್ಬರ್ ಪ್ಯಾಕಿಂಗ್ ಇಟ್ಟೆ. ಆಗ್ಲೂ ವಾಲ್ತು. ಸುನಿಲ್ ರೇಗ್ದ. ಹಬ್ಬ ಮುಗೀಲಿ ಕಣೋ, ಪೂರ್ತಿ ಬಿಚ್ಚಿ ನೋಡ್ತೀನಿ ಅಂದೆ. ಆಯುಧಪೂಜೆ ದಿನ ನಮ್ಮಲ್ಲಿ ಸ್ಪ್ಯಾನರ್ ಮುಟ್ಟಲ್ವಲ್ಲ ಸಾರ್, ಎಲ್ಲಾ ಪೂಜೆಗಿಟ್ಟಿರ್ತೀವಿ. ಆದ್ರೆ ವಿಜಯದಶಮಿ ದಿನ ಬೆಳಿಗ್ಗೆ ಸುನಿಲ್ ಹಳೇಬೀಡಿಗೆ ಹೋಗ್ತಾ ಅಂಗಡಿ ಮುಂದೆ ನಿಲ್ಸಿದ. ಏನ್ಲಾ ಲೋಕಿ, ಗಾಡಿ ನೆಟ್ಟಗಾಗೈತೆ ಕಣೋ, ತಾನೇ ಕೂತ್ಕೊಳ್ತು ನೋಡು ಅಂತ ಕೂಗ್ದ. ಹೊಸಾ ಪ್ಲೇಟು ಓಡ್ತಾ ಓಡ್ತಾ ಕೂರುತ್ತೆ, ಹಂಗೇ ಆಗಿರ್ಬೇಕು ಅಂದ್ಕೊಂಡೆ. ಹೊಸಾ ಪಂಚೆ ಉಟ್ಟಿದ್ದೆ. ಬಾಗ್ಲಲ್ಲೇ ನಿಂತು ಕೈ ಬೀಸ್ದೆ. ಪಂಚೆ ಹಾಳಾಗುತ್ತೆ ಅಂತ ಬಗ್ಗಿ ನೋಡ್ಲಿಲ್ಲ ಸಾರ್. ಬಗ್ಗಿದ್ರೆ ನಟ್ಟು ಕಾಣ್ತಿತ್ತು. ನಾನೇ ಕೊಂದೆ."

ಧರ್ಮಪ್ಪ ಕಂಬಿ ಹಿಡಿದುಕೊಂಡ. ಪಂಚೆ ಹಾಳಾಗುತ್ತದೆ ಅಂತ ಬಗ್ಗದವನು ಒಳಗಿದ್ದಾನೆ. ಪ್ಯಾಂಟು ಹಾಳಾಗುತ್ತದೆ ಅಂತ ಬಗ್ಗದವನು ಹೊರಗಿದ್ದಾನೆ. ಥೂ ಇದರ, ಅಂತ ತನಗೆ ತಾನೇ ಬೈದುಕೊಂಡ. ಮರುಕ್ಷಣ ಇನ್ನೊಂದು ಯೋಚನೆ ಬಂತು. ಒಂದು ವಾರ ವಾಲುತ್ತಿದ್ದ ಗಾಡಿ ಒಂದು ಹಬ್ಬದಲ್ಲಿ ನೆಟ್ಟಗಾಗುವುದು ಹೇಗೆ?

* * *

"ಏನ್ಸಾರ್, ರಿಪೋರ್ಟು ಕೊಟ್ಟಾದ ಮೇಲೆ ಯೋಗಾಸನ?" ಅಂದ ಪುಟ್ಟಸ್ವಾಮಿ.

ಅವತ್ತೇ ಮಧ್ಯಾಹ್ನ ಹಳೇಬೀಡು ಸ್ಟೇಷನ್ನಿನ ಅಂಗಳದಲ್ಲಿ ಧರ್ಮಪ್ಪ ಹಳೇ ಲುಂಗಿ ಉಟ್ಟು ಗಾಡಿಯ ಕೆಳಗೆ ಅಂಗಾತ ಮಲಗಿದ್ದ. ಬೆನ್ನಿಗೆಲ್ಲ ಕೆಸರು. ಟಾರ್ಚು ಹಾಕಿ ಪಿನ್ನಿನ ತೂತು ನೋಡಿದ. ಪಿನ್ನು ತುಂಡಾಗಿ ಹೋಗಿದ್ದರೆ ಚೂರಾದರೂ ಒಳಗೆ ಉಳಿಯಬೇಕು. ಇಲ್ಲವೇ ತೂತಿನ ಅಂಚು ಹರಿದಿರಬೇಕು. ಎರಡೂ ಇಲ್ಲ. ತೂತಿನ ತುಂಬ ಗ್ರೀಸು ಬೆಣ್ಣೆಯ ಹಾಗೆ ಕೂತಿತ್ತು.

"ಪುಟ್ಟಸ್ವಾಮಿ, ಪಿನ್ನು ಮುರೀಲಿಲ್ಲ ಕಣ್ರೀ. ಪಿನ್ನು ಇರ್ಲೇ ಇಲ್ಲ."

"ಲೋಕೇಶ ಮರ್ತ ಅನ್ನಿ."

"ತಡೀರಿ." ಧರ್ಮಪ್ಪ ಬಲಗಡೆಯ ಪ್ಲೇಟು ಸೆಟ್ಟಿನ ಮೇಲಿನ ಕೆಸರು ಒರೆಸಿದ. ಹಳದಿ ಅಕ್ಷರ. ಪಿ. ಎಡಕ್ಕೆ ಉರುಳಿದ. ಅಲ್ಲಿ ಡಿ. ರಬ್ಬರ್ ಪ್ಯಾಕಿಂಗ್ ಎಲ್ಲೂ ಇಲ್ಲ.

ಲೋಕೇಶ ಹೇಳಿದ್ದು ಸುಳ್ಳೇ? ತನ್ನ ತಪ್ಪನ್ನು ತಾನೇ ಮೈಮೇಲೆ ಎಳೆದುಕೊಳ್ಳುವವನು ಇದೊಂದು ಯಾಕೆ ಸುಳ್ಳು ಹೇಳಿಯಾನು?

ಆಗ ಕಂಡಿತು ಕುಂಕುಮ. ಪ್ಲೇಟುಗಳ ಪಕ್ಕೆಯಲ್ಲಿ ಅರಿಶಿನ, ಅದರ ಮೇಲೆ ಹೆಬ್ಬೆಟ್ಟಿನಗಲದ ಕುಂಕುಮ. ಪೂಜೆಯದು. ಎರಡು ಸೆಟ್ಟಿಗೂ ಇತ್ತು. ಆದರೆ ಎರಡರ ಕುಂಕುಮವೂ ಒಳಗಡೆಗೆ, ಎಂಜಿನ್ನಿನ ಕಡೆಗೆ ಮುಖ ಮಾಡಿತ್ತು. ಪೂಜೆ ಮಾಡುವವರು ಯಾರಾದರೂ ಗಾಡಿ ಅಡಿಗೆ ತೂರಿ ಕುಂಕುಮ ಇಡುತ್ತಾರೆಯೇ?

ಧರ್ಮಪ್ಪ ತೆವಳಿಕೊಂಡು ಈಚೆ ಬಂದ.

"ನನ್ನ ರಿಪೋರ್ಟು ತಪ್ಪು," ಅಂದ. "ಪೂಜೆ ಆದ ಮೇಲೆ ಯಾರೋ ಎರಡೂ ಸೆಟ್ಟು ಬಿಚ್ಚಿ ಅದಲು ಬದಲು ಮಾಡಿದ್ದಾರೆ. ಪ್ಲೇಟಿಗೆ ಹಿಂದು ಮುಂದು ಇರುತ್ತೆ, ತಿರುಗಿಸಿ ಹಾಕೋಕಾಗಲ್ಲ. ಎಡದ್ದು ಬಲಕ್ಕೆ ಹೋದ್ರೆ ಹೊರಗಿದ್ದ ಕುಂಕುಮ ಒಳಗೆ ಬರ್ಲೇಬೇಕು. ಅದನ್ನೆಲ್ಲ ಬಿಚ್ಚುವಾಗ ಸ್ಟೀರಿಂಗ್ ಸರಳೂ ಬಿಚ್ಚಿದ್ದಾರೆ. ಲೋಕೇಶ್ ಹಾಕಿದ ಪಿನ್ನನ್ನ ಅವ್ರೇ ಕಿತ್ತಿದ್ದು."

ಪುಟ್ಟಸ್ವಾಮಿಯ ನಗು ಇಳಿಯಿತು. "ಹಂಗಾದ್ರೆ ಇದು ಕೊಲೆ ಸಾರ್! ಪಕ್ಕದ ಮನೆ ಗಿಡ್ಡಯ್ಯ ಅಂತ ಒಬ್ಬ ಇದ್ದಾನೆ. ಹಬ್ಬದ ದಿನವೇ 'ಈ ಗಾಡಿ ಮಣ್ಣಾಗ್ ಹೋಗ' ಅಂತ ಬೀದೀಲಿ ನಿಂತು ಶಾಪ ಹಾಕಿದ್ದನಂತೆ. ಗಾಡಿ ಹತ್ರ ಸುಳಿದಾಡ್ತಿದ್ದದ್ದನ್ನೂ ಊರವ್ರು ನೋಡಿದ್ದಾರೆ."

* * *

ಭಾನುವಾರ ಬೆಳಿಗ್ಗೆ ಇಬ್ಬರೂ ಗಂಡಸಿಗೆ ಬಂದರು. ಗಿಡ್ಡಯ್ಯ ಹಟ್ಟಿ ಮುಂದೆ ಕರುವಿನ ಮೈ ಉಜ್ಜುತ್ತಿದ್ದ. ಪೊಲೀಸರನ್ನು ಕಂಡು ಕರುವಿನ ಹಿಂದೆ ಅಡಗಲು ನೋಡಿದ. ಕರು ಅವನಿಗಿಂತ ಗಿಡ್ಡ, ಪಾಪ.

"ಶಾಪ ಹಾಕಿದ್ದು ನಿಜ ಸಾಮಿ," ಅಂದ. "ಆ ಒಂಟೆ ಹಾರ್ನಿಗೆ ಈ ಕರ ಬೆದ್ರಿ ಬೇಲಿಗೆ ಬಿತ್ತು. ಸಿಟ್ಟಲ್ಲಿ ಅಂದೆ. ಆ ಹುಡ್ಗ ಹಿಂಗೆ ಹೋಗ್ತಾನೆ ಅಂತ ಕಂಡಿದ್ನಾ? ಅವತ್ತಿಂದ ನನ್ ಬಾಯಿಗೆ ನಾನೇ ಹೊಡ್ಕೊಂತಾ ಇವ್ನಿ."

"ಗಾಡಿ ಹತ್ರ ಯಾಕೆ ಹೋಗಿದ್ದೆ? ಪಿನ್ನು ಕೀಳೋಕಾ?"

"ಎತ್ತಿನ ಗಾಡಿ ಓಡ್ಸೋನು ಸಾಮಿ ನಾನು. ಗಾಲಿ ಕಳಚದಂಗೆ ಹಿಡಿಯೋ ಕಡಾಣಿ ಕಿತ್ತು ಬಾಳಿದೋನು ಯಾವ ಊರಲ್ಲವ್ನೆ? ಈ ಕರ ಹೋಗಿ ಗಾಡಿಗೆ ಕಟ್ಟಿದ್ದ ಬಾಳೆಕಂದು ತಿಂತಿತ್ತು. ಎಳ್ಕೊಂಡ್ ಬರಾಕ್ ಹೋದೆ."

"ಯಾವಾಗ?"

"ಮಧ್ಯಾಹ್ನ. ಪೂಜೆ ಆಗಿ ಕುಂಬಳಕಾಯಿ ಒಡೆದ್ಮೇಲೆ." ಗಿಡ್ಡಯ್ಯ ದನಿ ತಗ್ಗಿಸಿದ. "ಗಾಡಿ ಮೂತಿ ಎತ್ಕೊಂಡು ನಿಂತಿತ್ತು ಸಾಮಿ. ಅಡಿಗೆ ಮರದ ದಿಮ್ಮಿ ಕೊಟ್ಟು, ಮುಂದ್ಲ ಗಾಲಿ ಎರಡೂ ಕಳಚಿಟ್ಟಿದ್ರು. ಹಬ್ಬದ್ ದಿನ ಕಬ್ಬಿಣ ಮುಟ್ಟಿರೋ ಪುಣ್ಯಾತ್ಮ ಯಾರಪ್ಪ ಅಂತ ನೋಡ್ದೆ. ಯಾರೂ ಇರ್ಲಿಲ್ಲ. ಒಳಗಿಂದ ಯಾರನ್ನೋ ಉಣ್ಣಾಕ್ ಬನ್ನಿ ಬನ್ನಿ ಅಂತ ಕೂಗ್ತಿದ್ರು."

ಬೀದಿಗೆ ಬಂದ ಮೇಲೆ ಪುಟ್ಟಸ್ವಾಮಿ ತಲೆ ಕೆರೆದುಕೊಂಡ. "ಆಯುಧಪೂಜೆ ದಿನ ಸ್ಪ್ಯಾನರ್ ಹಿಡಿಯೋನು ಈ ಸೀಮೇಲಿ ಯಾರ್ ಸಾರ್ ಇದ್ದಾರೆ? ಕಟುಕ ಕೂಡ ಅವತ್ತು ಕತ್ತಿ ಮುಟ್ಟಲ್ಲ."

"ಈ ಸೀಮೇಲಿ ಇದ್ದೋನಲ್ಲ," ಅಂದ ಧರ್ಮಪ್ಪ. ಸುನಿಲನ ಮನೆಯ ಕಡೆ ಹೆಜ್ಜೆ ಹಾಕಿದ.

* * *

ಸುನಿಲನ ಮನೆಯ ಜಗಲಿಯಲ್ಲಿ ತಾಯಿ ಅನುಸೂಯಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಧರ್ಮಪ್ಪನನ್ನು ಕಂಡು ಎದ್ದು ನಿಂತರು.

"ನೀವೇ ಅಲ್ವಾ ಬರೆದವ್ರು? ಒಳ್ಳೇದು ಮಾಡಿದ್ರಿ. ಆ ಲೋಕೇಶ ಈ ಮನೇಲಿ ಉಂಡೋನು. ನನ್ ಮಗನ ಪಕ್ಕದಲ್ಲೇ ಎಲೆ ಹಾಕ್ತಿದ್ದೆ. ಅವನಿಗೆ ಮನಸ್ಸಾದ್ರೂ ಹೆಂಗ್ ಬಂತು?"

ಧರ್ಮಪ್ಪನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. "ತಾಯಿ, ಗಾಡಿಗೆ ಕುಂಕುಮ ಇಟ್ಟವ್ರು ಯಾರು?"

"ನಾನೇ. ಹೊಸಾ ಸಾಮಾನು ಅಂತ ಆ ಪ್ಲೇಟುಗಳಿಗೂ ಇಟ್ಟೆ."

"ಒಳಗಡೆಗೋ, ಹೊರಗಡೆಗೋ?"

"ಹೊರಗಡೆಗೇ ಕಣಪ್ಪ. ಒಳಗೆ ತೂರೋಕೆ ನನ್ ಮಂಡಿ ಬಗ್ಗುತ್ತಾ?"

ಮೇಘಶ್ರೀ ನೀರು ತಂದಿಟ್ಟಳು. ಐದು ತಿಂಗಳ ಬಸುರಿ. ಹಿಂದೆಯೇ ತೋಟದಿಂದ ಶಶಿ ಬಂದ. ಧರ್ಮಪ್ಪ ಅವನ ಕಡೆ ತಿರುಗಿ ಸಲೀಸಾಗಿ ಅಂದ: "ಶಶಿಯವ್ರೇ, ಜೀಪಲ್ಲಿ ಡ್ರೈವರ್ ಸೀಟ್ ಮೇಲೆ ನನ್ನ ಫೈಲಿದೆ. ಒಂಚೂರು ತಂದ್ಕೊಡ್ತೀರಾ?"

ಶಶಿ ಅಂಗಳ ದಾಟಿದ. ನೇರ ಜೀಪಿನ ಎಡಬಾಗಿಲಿಗೆ ಹೋಗಿ ಕೈ ಹಾಕಿದ. ಒಳಗೆ ಬಗ್ಗಿದ. ಫೈಲಿಲ್ಲ. ಒಂದು ಗಳಿಗೆ ಹಾಗೇ ನಿಂತು, ನಾಚಿಕೊಂಡು ನಕ್ಕು, ಸುತ್ತಿ ಬಂದು ಬಲಗಡೆಯಿಂದ ಫೈಲು ತಂದ.

"ಇನ್ನೂ ಅಭ್ಯಾಸ ಹೋಗಿಲ್ಲ ಸಾರ್."

"ಎಲ್ಲಿದ್ರಿ ಇಷ್ಟು ದಿನ?"

"ಮಸ್ಕತ್ತಲ್ಲಿ. ಹನ್ನೊಂದು ವರ್ಷ. ಇಬ್ರೂ ಬಂದು ಎರಡು ತಿಂಗಳಾಯ್ತು."

"ಏನ್ ಕೆಲಸ?"

ಶಶಿ ತೋಟದ ಕಡೆ ತಿರುಗಿದ. ಮೇಘಶ್ರೀಯೇ ಹೇಳಿದಳು. "ಗ್ಯಾರೇಜಲ್ಲಿ ಸಾರ್."

"ಅಲ್ಲಿ ಡ್ರೈವರ್ ಸೈಡು ಅಂದ್ರೆ ಯಾವ ಕಡೆ ಶಶಿಯವ್ರೇ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡುವುದು ಗಾದೆ ಮಾತು. ಶಶಿ ಹೆಗಲು ಮುಟ್ಟಲಿಲ್ಲ. ಗೋಡೆ ಹಿಡಿದುಕೊಂಡ.

"ನಾನೇ ಹೇಳ್ತೀನಿ," ಅಂದ ಧರ್ಮಪ್ಪ. "ಈ ಕಿಟ್ಟು ಬಂದದ್ದು ಡ್ರೈವರ್ ಎಡಕ್ಕೆ ಕೂರೋ ದೇಶದಿಂದ. ಡಿ ಅಂದ್ರೆ ಅಲ್ಲಿ ಎಡ. ಈ ಟ್ರಕ್ಕೂ ಅಲ್ಲಿಂದು. ಸುನಿಲ್ ಸ್ಟೀರಿಂಗನ್ನ ಬಲಕ್ಕೆ ತಂದ, ಆದ್ರೆ ಡೀಸೆಲ್ ಟ್ಯಾಂಕು, ಬ್ಯಾಟರಿ, ಎಲ್ಲಾ ಭಾರ ಎಡಕ್ಕೇ ಉಳೀತು. ಎತ್ತರದ ಡಿ ಸೆಟ್ಟು ಎಡಕ್ಕೇ ಹೋಗ್ಬೇಕಿತ್ತು. ಲೋಕೇಶನಿಗೆ ಅದು ಹೊಳೀಲಿಲ್ಲ. ನಿನ್ನೆವರೆಗೆ ನನಗೂ ಹೊಳೆದಿರ್ಲಿಲ್ಲ. ಇಲ್ಲಿ ಹುಟ್ಟಿ ಇಲ್ಲೇ ಬೆಳೆದ ಯಾವ ಮೆಕ್ಯಾನಿಕ್ಕಿಗೂ ಹೊಳೆಯಲ್ಲ. ಡಿ ಅಂತ ನೋಡಿದ ತಕ್ಷಣ ಎಡ ಅನ್ನೋಕೆ ಹೊರದೇಶದ ಗ್ಯಾರೇಜಲ್ಲಿ ಕೈ ಪಳಗಿರ್ಬೇಕು. ಹಬ್ಬದ ದಿನ ಸ್ಪ್ಯಾನರ್ ಹಿಡಿಯೋಕೂ ಅಷ್ಟೇ, ಆಯುಧಪೂಜೆ ಇಲ್ಲದ ಊರಲ್ಲಿ ಇದ್ದು ಬಂದಿರ್ಬೇಕು. ಗಾಡಿ ಈ ಅಂಗಳದಲ್ಲೇ, ದಿಮ್ಮಿ ಮೇಲೆ ನಿಂತಿತ್ತು. ಬಿಚ್ಚಿದವ್ರನ್ನ ಒಳಗಿಂದ ಊಟಕ್ಕೆ ಕೂಗ್ತಿದ್ರು."

ಮೇಘಶ್ರೀ ನಿಧಾನವಾಗಿ ಗಂಡನ ಕಡೆ ತಿರುಗಿದಳು. "ಕೂಗಿದ್ದು ನಾನೇ," ಅಂದಳು. "ಉಗುರೆಲ್ಲ ಕಪ್ಪಾಗಿತ್ತು. ಹಬ್ಬದ ದಿನ ಏನ್ರೀ ಇದು ಅಂತ ಬೈದೆ. ತೆಂಗಿನಕಾಯಿ ಸುಲಿದೆ ಅಂದ್ರಲ್ರೀ?"

ಶಶಿ ಗೋಡೆಗೆ ಒರಗಿದವನು ಹಾಗೇ ಕುಸಿದು ಕೂತ.

"ಅವನಿಗೆ ಒಳ್ಳೇದಾಗ್ಲಿ ಅಂತ ಮಾಡ್ದೆ," ಅಂದ. "ಭಾವ, ಗಾಡಿ ಕುಂಟುತ್ತೆ ಭಾವ ಅಂತ ದಿನಾ ಗೋಳಾಡ್ತಿದ್ದ. ಪೂಜೆ ಹೊತ್ತಲ್ಲಿ ಡಿ ನೋಡ್ತಿದ್ದಂಗೇ ನನಗೆ ಗೊತ್ತಾಯ್ತು. ಅವನು ಹೊರಗೆ ಹೋದವನು ರಾತ್ರಿಗೇ ಬರೋದಿತ್ತು, ಇವ್ರೆಲ್ಲ ಅಡುಗೆಮನೇಲಿದ್ರು. ಬೆಳಿಗ್ಗೆ ಎದ್ದು ನೋಡಿ ಕುಣೀಲಿ, ಆಮೇಲೆ ಹೇಳೋಣ ಅಂತ ಯಾರಿಗೂ ಹೇಳ್ಲಿಲ್ಲ. ಎಲ್ಲಾ ಮುಗಿದಿತ್ತು. ಪಿನ್ನೊಂದು ಹಾಕ್ಬೇಕಿತ್ತು. ನಟ್ಟು ಕೈಯಲ್ಲಿ ಬಿಗಿ ಮಾಡಿದ್ದೆ. ಇವ್ಳು ಕೂಗಿದ್ಲು. ಉಂಡು ಬಂದವ್ನು ಗಾಲಿ ಹಾಕಿ, ದಿಮ್ಮಿ ತೆಗೆದು, ನೆಟ್ಟಗೆ ನಿಂತಿದ್ದನ್ನ ನೋಡೋ ಖುಷೀಲಿ..." ಅವನು ಮುಖ ಮುಚ್ಚಿಕೊಂಡ. "ನಾನು ಏಳೋದ್ರೊಳಗೆ ಅವನು ಹೊರಟುಹೋಗಿದ್ದ. ಫೋನ್ ಬಂತು. ಓಡಿಹೋಗಿ ಟೂಲ್ ಪೆಟ್ಟಿಗೆ ತೆಗೆದೆ. ಪಿನ್ನು ಅಲ್ಲೇ ಇತ್ತು."

"ಆಮೇಲೆ ಲೋಕೇಶನ ಮೇಲೆ ದೂರು ಕೊಟ್ರಿ," ಅಂದ ಪುಟ್ಟಸ್ವಾಮಿ ಗಡುಸಾಗಿ.

"ಯಾರು ಮಾಡಿದ್ದು ಅಂತ ಎಲ್ರೂ ಕೇಳ್ತಿದ್ರು. ಲೋಕೇಶನ ಹೆಸರು ಬಾಯಿಂದ ಬಂದ್ಬಿಡ್ತು ಸಾರ್. ಒಂದ್ಸಲ ಬಂದ ಮೇಲೆ ನುಂಗೋಕಾಗ್ಲಿಲ್ಲ. ಇನ್‌ಸ್ಪೆಕ್ಟರ್ ಬಂದು ನೋಡಿದ್ರೆ ಗೊತ್ತಾಗಿಬಿಡುತ್ತೆ, ಸಿಕ್ಕಿಬೀಳ್ತೀನಿ, ಹೆಂಗೋ ಮುಗಿಯುತ್ತೆ ಅಂತ ಕಾದೆ. ನಿಮ್ಮ ಪಕ್ಕದಲ್ಲೇ ನಿಂತು ಕಾಯ್ತಿದ್ದೆ ಸಾರ್. ನೀವೂ ಅವನದೇ ತಪ್ಪು ಅಂತ ಬರೆದ್ಬಿಟ್ರಿ."

ಧರ್ಮಪ್ಪನ ಮುಖಕ್ಕೆ ಯಾರೋ ಹೊಡೆದ ಹಾಗಾಯಿತು. ಅವತ್ತು ತಾನು ಬಗ್ಗಿದ್ದರೆ ಈ ಮನುಷ್ಯ ಅಲ್ಲೇ ಒಪ್ಪಿಕೊಳ್ಳುತ್ತಿದ್ದ.

ಅನುಸೂಯಮ್ಮ ಅಳಲಿಲ್ಲ, ಕೂಗಲಿಲ್ಲ. ಒಂದೇ ಮಾತು ಕೇಳಿದರು.

"ಗಾಡಿ ನೆಟ್ಟಗಾದದ್ದು ನನ್ ಮಗನಿಗೆ ಗೊತ್ತಾಯ್ತಾ?"

ಶಶಿಗೆ ಅದು ಗೊತ್ತಿರಲಿಲ್ಲ. ಧರ್ಮಪ್ಪನೇ ಹೇಳಿದ. "ಗೊತ್ತಾಯ್ತು ತಾಯಿ. ಅರಸೀಕೆರೇಲಿ ಲೋಕೇಶನ ಅಂಗಡಿ ಮುಂದೆ ನಿಲ್ಸಿ ಹೇಳ್ದನಂತೆ. ತುಂಬ ಖುಷಿಯಾಗಿದ್ದನಂತೆ."

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಅಳಿಯನ ಕಡೆ ನೋಡದೇ ಅಂದರು: "ಎದ್ದೇಳಿ. ಮೊದ್ಲು ಹೋಗಿ ಲೋಕೇಶನ ಹೆಂಡ್ತಿ ಕಾಲು ಹಿಡ್ಕಳಿ. ಆಮೇಲೆ ಇವ್ರು ಕರೆದ ಕಡೆ ಹೋಗಿ. ಮಗಳನ್ನ ನಾನ್ ನೋಡ್ಕೋತೀನಿ. ನಿಮ್ ಮುಖ ನೋಡೋಕೆ ನನಗಿನ್ನೂ ಒಂದಷ್ಟು ದಿನ ಬೇಕು."

ಶಶಿ ಪಿನ್ನು ತಂದು ಪುಟ್ಟಸ್ವಾಮಿಯ ಅಂಗೈಗೆ ಹಾಕಿದ. ಜೀಪು ಅರಸೀಕೆರೆಯ ಕಡೆ ಹೊರಟಿತು, ಭವ್ಯಾಳ ಮನೆಗೆ.

* * *

ಅವತ್ತೇ ಧರ್ಮಪ್ಪ ಎರಡನೇ ರಿಪೋರ್ಟು ಬರೆದ. 'ಮೊದಲ ವರದಿಯನ್ನು ನಾನು ವಾಹನದ ಕೆಳಭಾಗವನ್ನು ಪರೀಕ್ಷಿಸದೆ ಬರೆದಿದ್ದೆ' ಅಂತ ಮೊದಲ ಸಾಲಿನಲ್ಲೇ ಬರೆದ. ಹೆಂಡತಿ ಓದಿ ಹಣೆ ಚಚ್ಚಿಕೊಂಡಳು. ಮಗಳ ಮದುವೆ ಮಾತುಕತೆ ನಡೀತಿದೆ, ಕೆಲಸಕ್ಕೆ ಕುತ್ತು ಬಂದರೆ? ಆ ಸಾಲೊಂದು ಹೊಡೆದುಹಾಕಿ, ಹೊಸ ಸಾಕ್ಷಿ ಸಿಕ್ಕಿತು ಅಂತ ಬರೆದರೆ ಸಾಲದಾ? ಸಾಲುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ಧರ್ಮಪ್ಪ ಹೊಡೆದುಹಾಕಲಿಲ್ಲ.

ಸೋಮವಾರ ಕೋರ್ಟು ಶುರುವಾಗುವ ಮೊದಲೇ ಲೋಕೇಶನನ್ನು ಕೂರಿಸಿದ್ದ ಕೋಣೆಗೆ ಹೋದ. ಡಿ, ಕುಂಕುಮ, ಕರು, ಮಸ್ಕತ್ತು, ಎಲ್ಲವನ್ನೂ ಹೇಳಿದ. ಲೋಕೇಶ್ ಉಸಿರು ಬಿಗಿಹಿಡಿದು ಕೇಳಿದ.

"ಹಂಗಾದ್ರೆ ನಾನು ಪಿನ್ನಿನ ಕಾಲು ಮಡಿಸಿದ್ದೆ."

"ಮಡಿಸಿದ್ದೆ ಕಣೋ."

ಲೋಕೇಶನ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡ. ಧರ್ಮಪ್ಪ ಸಮಾಧಾನದಿಂದ ಎದ್ದ. ಆಗ ಲೋಕೇಶ್ ತಲೆ ಎತ್ತಿದ.

"ಸಾರ್, ನಾನು ಡಿ ಸೆಟ್ಟನ್ನ ಮೊದಲೇ ಎಡಕ್ಕೆ ಹಾಕಿದ್ರೆ ಶಶಿಯಣ್ಣ ಬಿಚ್ತಾನೇ ಇರ್ಲಿಲ್ಲ. ಅಲ್ವಾ?"

ಇಲ್ಲ ಕಣಪ್ಪ, ಹಾಗೆಲ್ಲ ಯೋಚ್ನೆ ಮಾಡ್ಬೇಡ, ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಎಂಥವರೂ ಅದನ್ನೇ ಅನ್ನುತ್ತಾರೆ. ಆದರೆ ಈ ಹುಡುಗನ ವಿಷಯದಲ್ಲಿ ಧರ್ಮಪ್ಪ ಈಗಾಗಲೇ ಒಂದು ಸಲ ಸುಲಭದ ಮಾತು ಬರೆದಿದ್ದ.

"ಹೌದು," ಅಂದ. "ಬಿಚ್ತಿರ್ಲಿಲ್ಲ."

ಲೋಕೇಶ್ ತಲೆ ತಗ್ಗಿಸಿದ.

"ಆದ್ರೆ ಕೇಳು. ನೀನು ಗೊತ್ತಿಲ್ದೆ ಮಾಡ್ದೆ. ಅವನು ಮರೆತು ಮಾಡ್ದ. ನೋಡೋದಕ್ಕೇ ಅಂತ ಸಂಬಳ ತಗೊಳ್ಳೋನು ನಾನೊಬ್ಬನೇ. ನಾನು ನೋಡ್ಲಿಲ್ಲ. ಅದನ್ನ ಒಳಗೆ ಹೇಳೋಕೆ ಹೋಗ್ತಿದೀನಿ. ನೀನು ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?"

"ಇಲ್ಲ ಸಾರ್."

"ಭವ್ಯಾ ಹೊರಗೆ ಬುತ್ತಿ ಇಟ್ಕೊಂಡು ಕೂತಿದ್ದಾಳೆ. ಕರೀತಾರೆ, ಅಷ್ಟರಲ್ಲಿ ಎರಡು ತುತ್ತು ತಿನ್ನು," ಅಂದು ಧರ್ಮಪ್ಪ ಜಡ್ಜು ಕೂರುವ ಕೋಣೆಯ ಕಡೆ ನಡೆದ.